ಮಗ್ಗದ ತೊಲೆಗೆ ಕಟ್ಟಿದ ಜೋಳಿಗೆ

ವಡಗಾವಿ, ಬೆಳಗಾವಿ
ಆಷಾಢ ಬಹುಳ ಬಿದಿಗೆ, ೧೯೨೭

ಸಾವಂತ್ರಕ್ಕನಿಗೆ ತಂಗಿ ಪದ್ಮವ್ವ ಕಾಲು ಮುಟ್ಟಿ ಬರೆಯುವುದು.

ಅಕ್ಷರ ನನ್ನದೆಂದು ಗೊತ್ತಾದ ಕೂಡಲೇ ಈ ಕಾಗದವನ್ನು ಮಡಚಿ ಇಡಬೇಡ ಅಕ್ಕ. ಕೊನೆಯವರೆಗೆ ಓದು, ಆಮೇಲೆ ಒಲೆಗೆ ಹಾಕಿದರೂ ಸರಿ. ಹೋಳಿ ಹುಣ್ಣಿಮೆಯ ಮರುವಾರ ಖಾನಾಪುರದ ನಿನ್ನ ಮನೆಯಿಂದ ಸಿಟ್ಟು ಮಾಡಿಕೊಂಡು ಬಂದವಳು ನಾಲ್ಕು ತಿಂಗಳು ಒಂದು ಸಾಲು ಬರೆಯಲಿಲ್ಲ. ಬರೆಯಲು ಕುಳಿತಾಗಲೆಲ್ಲ ಸೊಕ್ಕು ಅಡ್ಡ ಬಂತು. ನನ್ನ ಸ್ವಭಾವ ನಿನಗೆ ಗೊತ್ತಿರುವುದೇ. ತಪ್ಪು ನನ್ನದಾದಷ್ಟೂ ನನ್ನ ದನಿ ಏರುತ್ತದೆ.

ಕಾಂತಾಳಿಗೆ ಹೆಸರಿಟ್ಟ ದಿನ ನೀನು ನಿನ್ನ ಹಳೆಯ ಸೀರೆಯೊಂದನ್ನು ಒಗೆದು, ಆರು ಮೊಳಕ್ಕೆ ಹರಿದು, ಅಂಚು ಹೊಲಿದು ತಂದಿದ್ದೆ. ಹೇಗೆ ಕಟ್ಟಬೇಕೆಂದು ನನ್ನ ಬೆನ್ನಿಗೇ ಕಟ್ಟಿ ತೋರಿಸಿದೆ. "ಪಾರಿಶ್ವಾಡದಾಗ ಹೊಲಕ್ಕ ಹೋಗೋ ಹೆಣಮಕ್ಕಳು ಹಿಂಗ ಕಟ್ಟಿಕೊಂತಾರ. ಕೂಸು ಮೈಗೆ ಹತ್ತಿಕೊಂಡು ಇರತೈತಿ, ನಿನಗ ಎರಡೂ ಕೈ ಕೆಲಸಕ್ಕ ಸಿಗತಾವ" ಅಂದಿದ್ದೆ. ನೀನು ಊರಿಗೆ ಹೋದ ಮೇಲೆ ಅತ್ತೆಯವರು ಅದನ್ನು ಬಿಚ್ಚಿಸಿದರು. "ನೇಕಾರರ ಮನಿ ಸೊಸಿ ಕೂಸಿನ್ನ ಬೆನ್ನಿಗೆ ಬಿಗಿದುಕೊಂಡು ನೀರಿಗೆ ಹೋದರ, ಈ ಮಾಯವ್ವನ ಮನ್ಯಾಗ ಕೂಸು ಮಲಗಸಾಕ ಜಾಗಾ ಇಲ್ಲೇನು ಅಂತಾರ ಓಣ್ಯಾಗ" ಅಂದರು. ಜಾಗ ಇಲ್ಲದ್ದು ನಿಜವೇ ಆಗಿತ್ತು. ತೊಟ್ಟಿಲು ಕಟ್ಟಿದರೆ ಅಡುಗೆಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಮೇದಾರರ ಬುಟ್ಟಿಯಲ್ಲಿ ಮಲಗಿಸಿದರೆ ಬೆಕ್ಕು ಬಂದು ಕೂರುತ್ತಿತ್ತು. ಬಗಲಲ್ಲಿ ಎತ್ತಿಕೊಂಡರೆ ಒಂದೇ ಕೈ ಉಳಿಯುತ್ತದೆ, ಒಂದೇ ಕೈಯಲ್ಲಿ ರೊಟ್ಟಿ ಬಡಿಯಲು ನಾನಿನ್ನೂ ಕಲಿತಿಲ್ಲ.

ಕೊನೆಗೆ ಅತ್ತೆಯವರೇ ಮಗ್ಗದ ಮೇಲಿನ ತೊಲೆಗೆ ಹಗ್ಗ ಹಾಕಿ ಜೋಳಿಗೆ ಕಟ್ಟಿದರು. ನಮ್ಮ ಮನೆಯವರು ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯಲು ಕುಳಿತರೆ ಎಳೆ ಬಡಿಯುವ ಹಲಗೆಯ ಪ್ರತಿ ಹೊಡೆತಕ್ಕೂ ತೊಲೆ ಅದುರುತ್ತದೆ, ಅದರೊಂದಿಗೆ ಜೋಳಿಗೆಯೂ ಅದುರುತ್ತದೆ. ತೂಗುವವರೇ ಬೇಡ. ಕಾಂತಾ ಹಾಕಿದ ಗಳಿಗೆಗೇ ನಿದ್ದೆ ಹೋಗುತ್ತಿದ್ದಳು. ನಾನು ನೀರು ತಂದು, ರೊಟ್ಟಿ ಮಾಡಿ, ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿ, ಓಣಿಯಲ್ಲಿ ಎಳೆ ಹಾಸಿ ಗಂಜಿ ಹಚ್ಚುವವರ ಜೊತೆಗೂ ಕೈಜೋಡಿಸಿ ಬರುತ್ತಿದ್ದೆ. ಅವಳು ಮಲಗಿಯೇ ಇರುತ್ತಿದ್ದಳು. ಬಾಜೂ ಮನೆಗಳ ಕೂಸುಗಳು ಮಗ್ಗದ ಸದ್ದಿಗೆ ಬೆಚ್ಚಿಬಿದ್ದು ಅಳುತ್ತಿದ್ದವು. ನನ್ನದು ಕಣ್ಣು ಸಹ ಪಿಳುಕಿಸುತ್ತಿರಲಿಲ್ಲ. "ಮಗ್ಗದವರ ಮನಿ ಕೂಸಂದ್ರ ಹಿಂಗ ಇರಬೇಕು" ಎಂದು ಅತ್ತೆಯವರು ಹಿಗ್ಗಿದರು. ನಾನಂತೂ ಇಡೀ ವಡಗಾವಿಗೆ ಹೇಳಿಕೊಂಡು ತಿರುಗಿದೆ.

ಹೊಳೆದಂಡೆಯ ನಿನ್ನ ಮನೆ ನಿಶ್ಶಬ್ದ. ಹೋಳಿ ಮುಗಿಸಿ ಬಂದಾಗ ಅಲ್ಲಿ ಮೂರು ದಿನ ಅವಳು ಮಲಗದೆ ಗೋಳಾಡಿದಳು. ನಾಲ್ಕನೆಯ ದಿನ ನೀನು ಹಿತ್ತಲಲ್ಲಿ ತಾಮ್ರದ ಕೊಡ ತಿಕ್ಕುತ್ತಿದ್ದೆ, ಅದು ಜಾರಿ ಕಲ್ಲಿನ ಮೇಲೆ ಬಿತ್ತು. ಗೋಡೆಯ ಮೇಲಿನ ಕಾಗೆಗಳೆಲ್ಲ ಹಾರಿದವು. ಅದಕ್ಕೆ ಬೆನ್ನು ಮಾಡಿ ಕುಳಿತಿದ್ದ ಕಾಂತಾ ಬಳೆಗಳೊಂದಿಗೆ ಆಡುತ್ತಲೇ ಇದ್ದಳು. ನೀನು ಮೆಲ್ಲಗೆ ಅವಳ ಹಿಂದೆ ಬಂದು ನಿಂತು ಚಪ್ಪಾಳೆ ತಟ್ಟಿದೆ, ತಾಟು ಬಡಿದೆ. ಆಮೇಲೆ ನನ್ನ ಹತ್ತಿರ ಬಂದು ಕುಳಿತು ಹೇಳಿದೆ. "ಪದ್ಮಾ, ಸಿಟ್ಟಾಗಬ್ಯಾಡ. ಕೂಸಿಗೆ ಕೇಳಸೂದಿಲ್ಲ ಅಂತ ಕಾಣಸ್ತೈತಿ ನೋಡ."

ನಾನು ಅಂದ ಮಾತನ್ನು ನನ್ನ ಕೈಯಿಂದಲೇ ಬರೆಯಬೇಕು. "ನೀ ಒಂದಾರ ಹಡದಿದ್ದರ ನಿನಗ ತಿಳೀತಿತ್ತು. ನನ್ನ ಕೂಸಿನ ಮ್ಯಾಲ ಕಣ್ಣ ಹಾಕಬ್ಯಾಡ." ಅವ್ವ ಸತ್ತ ಮೇಲೆ ನನ್ನ ತಲೆ ಬಾಚಿದವಳಿಗೆ, ನನಗೆ ಅಕ್ಷರ ತಿದ್ದಿಸಿದವಳಿಗೆ ನಾನು ಹಾಗೆಂದೆ. ನೀನು ಒಳಗೆ ಹೋಗಿ ರೊಟ್ಟಿ ಮಾಡಿ, ಶೇಂಗಾ ಚಟ್ನಿ ಹಾಕಿ, ಗಾಡಿಯಲ್ಲಿ ತಿನ್ನಲೆಂದು ಬುತ್ತಿ ಕಟ್ಟಿಕೊಟ್ಟೆ. ಖಾನಾಪುರ ಬಿಟ್ಟದ್ದೇ ತಡ, ಆ ಬುತ್ತಿ ಬಿಚ್ಚಿ ತಿಂದೆ, ತಿನ್ನುತ್ತಲೇ ನಿನ್ನನ್ನು ಮನಸ್ಸಿನಲ್ಲಿ ಬೈದೆ. ಬೆಳಗಾವಿ ಬರುವ ಹೊತ್ತಿಗೆ ಒಂದು ತುಣುಕೂ ಉಳಿದಿರಲಿಲ್ಲ.

ಮನೆಗೆ ಬಂದು ಕಾಂತಾಳನ್ನು ಜೋಳಿಗೆಗೆ ಹಾಕಿದೆ. ಮಗ್ಗ ಶುರುವಾಯಿತು, ಅವಳು ಮಲಗಿದಳು. ನೋಡು, ಅಕ್ಕ ಹೇಳಿದ್ದೆಲ್ಲ ಸುಳ್ಳು ಎಂದುಕೊಂಡೆ. ಆದರೆ ಹಿಂದಿನಿಂದ ಒಮ್ಮೆ ಕರೆದು ನೋಡುವ ಧೈರ್ಯ ಮಾತ್ರ ಮಾಡಲಿಲ್ಲ.

ಅಮಾವಾಸ್ಯೆಗೆ ನಾವು ಮಗ್ಗ ಮುಟ್ಟುವುದಿಲ್ಲ, ನಿನಗೆ ಗೊತ್ತಲ್ಲ. ಚೈತ್ರದ ಅಮಾವಾಸ್ಯೆಯ ದಿನ ಓಣಿಯೆಲ್ಲ ಸುಮ್ಮನಿತ್ತು. ಜೋಳಿಗೆಯಲ್ಲಿ ಕಾಂತಾ ಕಣ್ಣು ಬಿಟ್ಟುಕೊಂಡು ಒದ್ದಾಡುತ್ತಿದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ಅವಳನ್ನು ಇಳಿಸಿ ಕೂರಿಸಿ, ಹಿಂದೆ ಹೋಗಿ ನಿಂತು ಕರೆದೆ. ಹೆಸರು ಹಿಡಿದು ಕರೆದೆ, ಕೂಗಿದೆ, ನಿನ್ನ ಹಾಗೆಯೇ ತಾಟು ಬಡಿದೆ. ಅವಳು ತಿರುಗಲಿಲ್ಲ ಅಕ್ಕ. ಇಷ್ಟು ದಿನ ಅವಳನ್ನು ಮಲಗಿಸಿದ್ದು ಆ ತೊಲೆಯ ಅದುರು. ನಾವು ನೇಕಾರರು ಅದನ್ನು ಸದ್ದು ಅಂದುಕೊಂಡೆವು.

ಆವತ್ತೇ ಪೆಟ್ಟಿಗೆಯಿಂದ ನಿನ್ನ ಸೀರೆ ತೆಗೆದು ಅವಳನ್ನು ಬೆನ್ನಿಗೆ ಕಟ್ಟಿಕೊಂಡೆ. ಒಳ್ಳೆಯ ಬುದ್ಧಿಯಿಂದಲ್ಲ, ಅಂಜಿಕೆಯಿಂದ. ನನ್ನ ಬೆನ್ನ ಮೇಲಿದ್ದರೆ ಅವಳನ್ನು ಯಾರೂ ಹಿಂದಿನಿಂದ ಕರೆಯಲಾರರು, ಕರೆದರೂ ಓಗೊಡುವವಳು ನಾನು. ಜೋಳಿಗೆಯ ಹಗ್ಗ ಸವೆದಿದೆ ಎಂದು ಅತ್ತೆಯವರಿಗೆ ಸುಳ್ಳು ಹೇಳಿದೆ. ಅವರು ಗೊಣಗಿದರು, ನಾನು ಕಿವುಡಿಯಂತೆ ಇದ್ದುಬಿಟ್ಟೆ. ಈ ಮಾತು ಎಷ್ಟು ಸಲೀಸಾಗಿ ಬರುತ್ತದೆ ನೋಡು. ಇನ್ನು ಮೇಲೆ ಆಡುವುದಿಲ್ಲ.

ಹಾಗೆ ಕಟ್ಟಿಕೊಂಡೇ ಒಂದು ಮುಂಜಾನೆ ಜೋಳ ಬೀಸುತ್ತ ಹಾಡುತ್ತಿದ್ದೆ. ಅಳುತ್ತಿದ್ದ ಕಾಂತಾ ಗಲ್ಲವನ್ನು ನನ್ನ ಬೆನ್ನಿಗೆ ಒತ್ತಿ ಸುಮ್ಮನಾದಳು. ಹಾಡು ನಿಲ್ಲಿಸಿದೆ, ಬೀಸುವುದನ್ನು ನಿಲ್ಲಿಸಲಿಲ್ಲ. ಪುಟ್ಟ ಕೈಯಿಂದ ನನ್ನ ಭುಜಕ್ಕೆ ಹೊಡೆದಳು. ಮತ್ತೆ ಹಾಡಿದೆ, ಮತ್ತೆ ಗಲ್ಲ ಒತ್ತಿದಳು. ಬೀಸುವ ಕಲ್ಲಿನ ಮುಂದೆ ಕುಳಿತು ನಾನು ಎಷ್ಟು ಹೊತ್ತು ಅತ್ತೆನೋ ತಿಳಿಯದು. ನನ್ನ ದನಿ ಅವಳಿಗೆ ಒಂದಿಷ್ಟಾದರೂ ಮುಟ್ಟುತ್ತದೆ. ನೀನು ಕೊಟ್ಟ ದಿನದಿಂದಲೇ ಹಾಗೆ ಕಟ್ಟಿಕೊಂಡಿದ್ದರೆ ಎಂಟು ತಿಂಗಳ ಹಾಡು ಅವಳಿಗೆ ಸಿಗುತ್ತಿತ್ತು.

ಮೊನ್ನೆ ಇವರಿಗೆ ಎಲ್ಲ ಹೇಳಿದೆ. ಇವರು ಲಾಳಿ ಕೆಳಗಿಟ್ಟು, "ನನಗ ಗೊತ್ತೈತಿ. ನಿನಗ ಹ್ಯಾಂಗ ಹೇಳಬೇಕು ಅಂತ ತಿಳೀಲಿಲ್ಲ" ಅಂದರು. ಮಾಘದಲ್ಲಿ ನೂಲು ಸಿಗದೆ ಕೈ ಖಾಲಿ ಇದ್ದಾಗ ಇವರು ಎಳೆಯಿಲ್ಲದ ಮಗ್ಗಕ್ಕೆ ಕುಳಿತು ಬರಿದೇ ಹಲಗೆ ಬಡಿಯುತ್ತಿದ್ದರು. ತಲೆ ಕೆಟ್ಟಿದೆಯೇ ಎಂದು ನಾನು ರೇಗಿದ್ದೆ. ಮಗಳು ಮಲಗಲಿ ಎಂದು ಬಡಿಯುತ್ತಿದ್ದರಂತೆ. ಹೇಳಬೇಕಾದುದನ್ನು ಹೇಳುವ ಎದೆ ನಮ್ಮಿಬ್ಬರಿಗೂ ಇರಲಿಲ್ಲ, ನಿನಗಿತ್ತು. ಅತ್ತೆಯವರಿಗೂ ತಿಳಿಸಿದೆವು. ಅವರಿನ್ನೂ ನಂಬಿಲ್ಲ. ದಿನಕ್ಕೆ ಹತ್ತು ಸಲ ಹಿಂದಿನಿಂದ ಕೂಗಿ ನೋಡುತ್ತಾರೆ, ಆಮೇಲೆ ದೇವರ ಮುಂದೆ ಹೋಗಿ ಕೂರುತ್ತಾರೆ.

ನಾಗರ ಪಂಚಮಿಗೆ ಕರೆಯಲು ನಮ್ಮಿಬ್ಬರಿಗೂ ತವರಿಲ್ಲ. ಆದ್ದರಿಂದ ನಾನೇ ಕರೆಯುತ್ತಿದ್ದೇನೆ, ಬಾ ಅಕ್ಕ. ನನ್ನನ್ನು ಕ್ಷಮಿಸಿಯೇ ಬರಬೇಕೆಂದಿಲ್ಲ, ಸಿಟ್ಟು ಇಟ್ಟುಕೊಂಡೇ ಬಾ. ಈ ಕೂಸನ್ನು ಬೆಳೆಸುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಅವಳನ್ನು ನನಗಿಂತ ಮೊದಲು ಸರಿಯಾಗಿ ನೋಡಿದವಳು ನೀನು.

ಬಂದಾಗ ಬಾಗಿಲಲ್ಲಿ ನಿಂತು ಕೂಗಬೇಡ. ಹಿಂದಿನಿಂದ ಬಂದು ಎತ್ತಿಕೊಳ್ಳಲೂ ಬೇಡ, ಬೆಚ್ಚುತ್ತಾಳೆ. ಸುತ್ತು ಹಾಕಿ ಬಂದು ಅವಳ ಎದುರಿಗೆ ಕುಳಿತುಕೋ. ಕಾಂತಾ ತಲೆಯೆತ್ತಿ ನಿನ್ನನ್ನು ನೋಡುವವರೆಗೆ ಕಾಯಿ. ನಾನು ಆಮೇಲೆ ಬಂದು ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಮನೆಯ ದೀಪ ತಣ್ಣಗೆ ಉರಿಯಲಿ, ನಿನ್ನ ಕೈ ನಮ್ಮ ಮಗಳ ತಲೆಯ ಮೇಲಿರಲಿ.

ನಿನ್ನ ಬಾಯಿಬಡಕಿ ತಂಗಿ,
ಪದ್ಮವ್ವ