ಗೋಡೆ ಗಂಡಸು, ಬಾಗಿಲು ಹೆಂಗಸು

ಭಾನುವಾರ ಮಧ್ಯಾಹ್ನ,
ತಾರೀಕು ಹದಿನೇಳು

ನನ್ನ ಬಾಯಿಬಡುಕಿ ನಾದಿನಿಗೆ,

ನಿನ್ನ ಅತ್ತಿಗೆ ಇನ್ನೂ ಇದ್ದಾಳೆ, ಪೆನ್ನೂ ಇದೆ. ನಿನ್ನ ಮೂರು ಪತ್ರಗಳೂ ಕೈಸೇರಿವೆ. ಮೂರನ್ನೂ ಕಪಾಟಿನ ಮೇಲೆ ಸಾಲಾಗಿ ನಿಲ್ಲಿಸಿದ್ದೇನೆ, ನಾನು ಹೋಗುವಾಗ ಬರುವಾಗ ನಿನ್ನ ಪರವಾಗಿ ಬೈಯುತ್ತಿವೆ. ತಡವಾದದ್ದಕ್ಕೆ ನೆಪ ಹೇಳುವುದಿಲ್ಲ. ಕೆಲಸ ಜಾಸ್ತಿ ಎಂದರೆ ನೀನು ನಂಬುವವಳೂ ಅಲ್ಲ. ಬರೆಯಲು ಕೂತರೆ ಏನೂ ತೋಚುತ್ತಿರಲಿಲ್ಲ, ಅಷ್ಟೇ. ಕ್ಷಮಿಸಿಬಿಡು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಇಲ್ಲ, ನಿನ್ನ ಅಣ್ಣ ನಿನ್ನ ಹೆಸರು ಹೇಳಿಲ್ಲ. ಬೇಜಾರು ಮಾಡಿಕೊಳ್ಳಬೇಡ, ನನ್ನದೂ ಹೇಳಿಲ್ಲ. ಲಕ್ವ ಹೊಡೆದು ಎಂಟು ತಿಂಗಳಾಯಿತು. ಬಲಗೈ ಹಾಗೇ ಇದೆ. ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡುತ್ತಾರೆ, ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಕನ್ನಡ ಒಂದಕ್ಷರ ಹೊರಡುತ್ತಿಲ್ಲ. ಹಡಗಿನ ಎಂಜಿನ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಗ್ರೀಕರ ಜೊತೆ ದುಡಿದರಲ್ಲ, ಆ ಗ್ರೀಕ್ ಮಾತ್ರ ಉಳಿದಿದೆ. ಎಷ್ಟೋ ಜನರಿಗೆ ಹೀಗಾಗುತ್ತದಂತೆ. ಡಾಕ್ಟರು, "ಯಾವ ಭಾಷೆ ಉಳಿದಿದೆಯೋ ಅದರಲ್ಲೇ ಮಾತಾಡಿಸಿ, ಬಿಟ್ರೆ ಅದೂ ಹೋಗುತ್ತೆ" ಅಂದರು. ಮಾತಾಡಿಸುವುದಕ್ಕೆ ಮನೆಯಲ್ಲಿ ಇರುವವಳು ನಾನೊಬ್ಬಳು. ಹಾಗಾಗಿ ಐವತ್ತೆಂಟನೆಯ ವಯಸ್ಸಿನಲ್ಲಿ ಮತ್ತೆ ಸ್ಲೇಟು ಹಿಡಿದಿದ್ದೇನೆ. ನಗಬೇಕೆನ್ನಿಸಿದರೆ ನಗು.

ಮೇಷ್ಟ್ರು ಯಾರು ಗೊತ್ತೇ? ಹಡಗಿನ ಅಡುಗೆಯವರು. ಈಗ ನಿವೃತ್ತರಾಗಿ ಬಂದರಿನ ಹಿಂದಿನ ಬೀದಿಯಲ್ಲಿದ್ದಾರೆ. ಮಂಗಳವಾರ, ಶುಕ್ರವಾರ ಕೆಲಸ ಮುಗಿಸಿಕೊಂಡು ಅಲ್ಲಿಗೆ ಹೋಗುತ್ತೇನೆ. ಅವರು ಆಲೂಗಡ್ಡೆ ಸುಲಿಯುತ್ತಾ ಪಾಠ ಹೇಳುತ್ತಾರೆ. ಆ ಭಾಷೆಯಲ್ಲಿ ಯಾವ ವಸ್ತುವೂ ಬರಿ ವಸ್ತುವಲ್ಲ. ಪ್ರತಿಯೊಂದರ ಮುಂದೆಯೂ ಒಂದು ತುಣುಕು ಪದ ಇರಬೇಕು. ಗಂಡಾದರೆ ಒ, ಹೆಣ್ಣಾದರೆ ಇ, ಎರಡೂ ಅಲ್ಲದಿದ್ದರೆ ತೊ. ನಮ್ಮಲ್ಲಿ ಗಂಡಸನ್ನು ನೋಡಿ ಗಂಡು ಅನ್ನುತ್ತೇವೆ, ಕಲ್ಲನ್ನು ನೋಡಿ ಅದು ಅನ್ನುತ್ತೇವೆ. ಅಲ್ಲಿ ಹಾಗೆ ನೋಡಿ ಹೇಳುವಂತಿಲ್ಲ, ಉರು ಹೊಡೆಯಬೇಕು.

"ಯಾಕೆ ಅಂತ ಮಾತ್ರ ಕೇಳ್ಬೇಡಿ ತಾಯಿ. ಗೋಡೆ ಗಂಡಸು, ಬಾಗಿಲು ಹೆಂಗಸು, ಕಿಟಕಿ ಎರಡೂ ಅಲ್ಲ. ಒಪ್ಕೊಂಡ್ಬಿಡಿ" ಅಂದರು.

ಹುಡುಗಿ ಎಂಬ ಪದವೂ ತೊ ಗುಂಪಿಗೇ ಸೇರಿದ್ದು, ಹೆಣ್ಣಲ್ಲ. ಹಾಗಾದರೆ ಅವಳು ಹೆಣ್ಣಾಗುವುದು ಯಾವಾಗ ಎಂದು ಕೇಳಿದೆ. "ಮದುವೆ ಆದ್ಮೇಲೆ ಹೆಂಗಸು ಅಂತೀವಲ್ಲ, ಆಗ ಇ ಬರುತ್ತೆ. ಸಾಕಾ?" ಅಂದರು. ಮನುಷ್ಯರ ಹೆಸರಿನ ಮುಂದೆಯೂ ಹಾಕಬೇಕಂತೆ. ನನ್ನ ಹೆಸರಿನ ಮುಂದೆ ಇ ಇಟ್ಟು ಒಂದು ವಾಕ್ಯ ಹೇಳಿ ತೋರಿಸಿದರು. ಪಕ್ಕದ ಬೀದಿಯ ಯಾರದೋ ಸುದ್ದಿ ಕೇಳಿದ ಹಾಗಾಯಿತು.

ಯಾಕೆ ಎಂದು ಕೇಳಬಾರದ ಈ ಕೆಲಸ ನನಗೆ ಹಿಡಿಸಿತು. ಈಚೆಗೆ ನನಗೆ ಏನೂ ಅನ್ನಿಸುವುದಿಲ್ಲ. ನಿನಗೆ ಬಿಟ್ಟು ಯಾರಿಗೂ ಇದನ್ನು ಹೇಳಿಲ್ಲ. ಅಳು ಬರುವುದಿಲ್ಲ, ಸಿಟ್ಟೂ ಬರುವುದಿಲ್ಲ. ಏಳುತ್ತೇನೆ, ಅವರ ಮೈ ಒರೆಸುತ್ತೇನೆ, ಕೆಳಗಿನ ಮನೆಯ ದರ್ಜಿಗೆ ಆಗಾಗ ಮೇಲೆ ಬಂದು ನೋಡಿಹೋಗಲು ಹೇಳಿ ಲಾಂಡ್ರಿಗೆ ಹೋಗುತ್ತೇನೆ. ಬಟ್ಟೆಗಳಿಗೆ ಗುರುತಿನ ಪಟ್ಟಿ ಹೊಲಿಯುತ್ತಾ ಬಾಯಲ್ಲಿ ಒ, ಇ, ತೊ ಅನ್ನುತ್ತಿರುತ್ತೇನೆ. ದಿನ ಕಳೆದದ್ದೇ ಗೊತ್ತಾಗುವುದಿಲ್ಲ.

ಆ ಪಟ್ಟಿಗಳನ್ನೇ ಮನೆಗೆ ತಂದು ಸಾಮಾನಿಗೆಲ್ಲ ಕಟ್ಟಿದೆ. ಗಂಡಿಗೆ ನೀಲಿ, ಹೆಣ್ಣಿಗೆ ಕೆಂಪು, ಉಳಿದದ್ದಕ್ಕೆ ಬಿಳಿ. ಕನ್ನಡಿಗೆ ನೀಲಿ, ಕುರ್ಚಿಗೆ ಕೆಂಪು, ಮಂಚಕ್ಕೆ ಬಿಳಿ. ಲಾಂಡ್ರಿಯಲ್ಲಿ ಅದೇ ನೀಲಿ ಹೋಟೆಲಿನ ಬಟ್ಟೆಗೆ, ಕೆಂಪು ಆಸ್ಪತ್ರೆಗೆ, ಬಿಳಿ ಮನೆಗಳಿಗೆ. ಒಂದು ದಿನ ಹೋಟೆಲಿನ ಟವೆಲುಗಳಿಗೆಲ್ಲ ಕೆಂಪು ಹೊಲಿದುಬಿಟ್ಟೆ. ಗಂಟು ನೇರ ಆಸ್ಪತ್ರೆಗೆ ಹೋಯಿತು.

"ಹತ್ತೊಂಬತ್ತು ವರ್ಷದಲ್ಲಿ ಒಂದ್ಸಲಾನೂ ತಪ್ಪು ಮಾಡಿದವರಲ್ಲ ನೀವು. ಏನಾಯ್ತಕ್ಕ?" ಅಂತ ಯಜಮಾನರು ಕೇಳಿದರು.

"ಟವೆಲು ಹೆಣ್ಣು" ಅಂದೆ.

ಅವರು ಎರಡು ದಿನ ರಜೆ ತಗೊಳ್ಳಿ ಅಂದರು. ಬೇಡ ಅಂದೆ.

ಈಗ ಮುಖ್ಯವಾದದ್ದು ಕೇಳು. ಮೊದಮೊದಲು ನಾನು ಸರಿಯಾಗಿ ಹೇಳಿದರೆ ನಿನ್ನ ಅಣ್ಣ ಸುಮ್ಮನೆ ಕಿಟಕಿ ನೋಡುತ್ತಿದ್ದರು. ಹನ್ನೊಂದು ದಿನ ಒಂದು ಶಬ್ದವೂ ಇಲ್ಲ. ಹನ್ನೆರಡನೆಯ ದಿನ ಸುಸ್ತಾಗಿ ಬಂದಿದ್ದೆ, ಕುರ್ಚಿಗೆ ಇ ಕರೇಕ್ಲ ಅನ್ನುವ ಬದಲು ತೊ ಕರೇಕ್ಲ ಅಂದುಬಿಟ್ಟೆ. ಅವರ ಹುಬ್ಬು ಗಂಟಿಕ್ಕಿತು. "ಇ" ಅಂದರು. "ಇ ಕರೇಕ್ಲ." ಬೇಕೆಂದೇ ಮತ್ತೆ ತಪ್ಪು ಹೇಳಿದೆ. ಮತ್ತೆ ತಿದ್ದಿದರು. ನಟ್ಟು ಅರ್ಧ ತಿರುವು ಸಡಿಲವಿದ್ದರೂ ಬಿಡುವ ಮನುಷ್ಯ ಅಲ್ಲವಲ್ಲ ಅವರು, ನಿನಗೆ ಗೊತ್ತೇ ಇದೆ.

ಅವತ್ತಿನಿಂದ ದಿನಾ ಐದೂವರೆಗೆ ಅವರ ಎದುರು ಸ್ಟೂಲು ಹಾಕಿಕೊಂಡು ಕೂತು ತಪ್ಪು ಹೇಳುತ್ತೇನೆ. ಸುಲಭದ ಕೆಲಸ ಅಂದುಕೊಳ್ಳಬೇಡ. ತಪ್ಪು ಹೇಳಬೇಕಾದರೆ ಸರಿ ಯಾವುದು ಗೊತ್ತಿರಬೇಕು. ಎಲ್ಲವನ್ನೂ ತಪ್ಪು ಹೇಳಿದರೆ ರೇಗಿ ಬಾಯಿ ಮುಚ್ಚಿಬಿಡುತ್ತಾರೆ. ನಾಲ್ಕರಲ್ಲಿ ಒಂದು ಸರಿ ಹೇಳಬೇಕು, ಆಗ ಉತ್ಸಾಹ ಬರುತ್ತದೆ. ಅಡುಗೆ ಮೇಷ್ಟ್ರಿಗೆ ಈ ವಿಷಯ ಹೇಳಿದರೆ ಚಾಕು ಕೆಳಗಿಟ್ಟು, "ತಪ್ಪು ಮಾಡೋದಕ್ಕೆ ಅಂತ ಪಾಠಕ್ಕೆ ಬರೋರು ನೀವೊಬ್ರೇ" ಅಂದರು. ಆಮೇಲೆ ಅವರೇ ಕೂತು ಯಾವ ಪದದಲ್ಲಿ ಎಂಥ ತಪ್ಪು ನಂಬುವ ಹಾಗಿರುತ್ತದೆ ಎಂದು ಪಟ್ಟಿ ಮಾಡಿಕೊಟ್ಟರು.

ಈಗ ದಿನಕ್ಕೆ ಮೂವತ್ತು ನಲವತ್ತು ಪದ ಆಡುತ್ತಾರೆ. ಡಾಕ್ಟರಿಗೆ ಬಹಳ ಖುಷಿ. ನನಗೂ ಆಗಬೇಕಿತ್ತು. ನನಗೆ ಬೇಕಾಗಿರುವುದು ಒಂದೇ, ನಿನ್ನ ಮುಂದೆ ಮುಚ್ಚಿಡುವುದೇನು. ತಿದ್ದುವಾಗ ಯಾವತ್ತಾದರೂ ಎದುರಿಗೆ ಕೂತವಳು ಯಾರೆಂದು ಅವರಿಗೆ ಹೊಳೆಯಬೇಕು. ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿರುತ್ತಿದ್ದ ಗಂಡನ ಜೊತೆ ಮೂವತ್ತೊಂದು ವರ್ಷ ಸಂಸಾರ ಮಾಡಿದ್ದೇನೆ. ಈ ಎಂಟು ತಿಂಗಳಲ್ಲಿ ನಾವು ಎದುರುಬದುರು ಕೂತಷ್ಟು ಆ ಮೂವತ್ತೊಂದು ವರ್ಷದಲ್ಲಿ ಕೂತಿರಲಿಕ್ಕಿಲ್ಲ.

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಪೌರುಷ ತೋರಿಸಬೇಡ. ಸೊಸೆಯ ಜೊತೆ ಜಗಳ ನಿಂತಿತೋ, ಇಲ್ಲ ನಿನಗೆ ಉಸಿರು ಬೇಕೆಂದು ನಡುವೆ ನಿಲ್ಲಿಸಿದ್ದೀಯೋ? ಮಕ್ಕಳಿಗೆ ಮುತ್ತು ಕೊಡು. ನಿನ್ನ ಮನೆ ತುಂಬಿಕೊಂಡಿರಲಿ, ಗಲಾಟೆ ಕಡಿಮೆಯಾಗದಿರಲಿ, ನಿನಗೆ ಒಳ್ಳೆಯದಾಗಲಿ. ಇಲ್ಲಿಗೆ ಬರುತ್ತೇನೆಂದು ಹಟ ಹಿಡಿಯಬೇಡ, ಸದ್ಯಕ್ಕೆ ಬೇಡ.

ಇಂತಿ ನಿನ್ನ
ಅತ್ತಿಗೆ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಬರಬೇಡ ಎಂದು ಯಾಕೆ ಬರೆದೆನೆಂದರೆ, ಕಳೆದ ಸೋಮವಾರ ಪಾಠ ಮುಗಿದ ಮೇಲೆ ನಿನ್ನ ಅಣ್ಣ ಎಡಗೈಯಿಂದ ನನ್ನ ಕೈ ತಟ್ಟಿ, ಗ್ರೀಕಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ನನಗೆ ತಿಳಿಯಲಿಲ್ಲ ಎಂದು ಗೊತ್ತಾಗಿ, ಬಿಡಿಸಿ ಬಿಡಿಸಿ ಇನ್ನೊಂದು ಸಲ ಹೇಳಿದರು. "ನೀವು ಬೇಗ ಕಲಿಯುತ್ತೀರಿ. ನನ್ನ ಹೆಂಡತಿಗೂ ಕಲಿಸಬೇಕು ಅಂದುಕೊಂಡಿದ್ದೆ. ಅವಳ ತಲೆಗೆ ಹತ್ತುವುದಿಲ್ಲ ಅಂತ ಬಿಟ್ಟುಬಿಟ್ಟೆ." ಅಷ್ಟು ಗೌರವದಿಂದ ಅವರು ನನ್ನ ಜೊತೆ ಎಂದೂ ಮಾತಾಡಿದ್ದಿಲ್ಲ. ಆಮೇಲೆ ಗಡಿಯಾರ ನೋಡಿ, "ಅವಳು ಬರುವ ಹೊತ್ತಾಯಿತು, ಇನ್ನು ನೀವು ಹೊರಡಿ" ಅಂದರು.

ನಾನು ಎದ್ದೆ. ಚೀಲ ತೆಗೆದುಕೊಂಡು ಚಪ್ಪಲಿ ಹಾಕಿಕೊಂಡು ಹೊರಗೆ ಹೋದೆ. ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತಿದ್ದು, ಮತ್ತೆ ಬಾಗಿಲು ತೆಗೆದು, "ಬಂದೆ ಕಣ್ರೀ" ಅಂತ ಒಳಗೆ ಬಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿ, ಇನ್ನೂ ಯಾರೋ ಬರಬೇಕೆನ್ನುವ ಹಾಗೆ ನನ್ನ ಹಿಂದೆ ಬಾಗಿಲ ಕಡೆ ನೋಡಿದರು. ಸೋಮವಾರದಿಂದ ದಿನವೂ ಎರಡೆರಡು ಸಲ ಮನೆಗೆ ಬರುತ್ತಿದ್ದೇನೆ.