ಓಡಿಹೋದವನ ದಾಖಲೆ

ಲಾರ್ಕಿನ್ ಕೌಂಟಿ, ಅಲಬಾಮ
೧೭ ಅಕ್ಟೋಬರ್ ೧೯೯೯, ಭಾನುವಾರ

ಪ್ರೀತಿಯ ತಮ್ಮ ಎಜೆಲ್,

ಹೇಗಿದ್ದೀಯ? ಬೆನ್ನುನೋವು ಸ್ವಲ್ಪ ಇಳಿದಿದೆ ಎಂದು ಡೆನೀಸ್ ಬರೆದಿದ್ದಳು, ಸಮಾಧಾನವಾಯಿತು. ಡೆಟ್ರಾಯಿಟ್‌ನಲ್ಲಿ ಆಗಲೇ ಚಳಿ ಹಿಡಿದಿರಬೇಕು. ಇಲ್ಲಿ ಇನ್ನೂ ಸೆಕೆ. ಚರ್ಚಿನಲ್ಲಿ ಇವತ್ತೂ ಬೀಸಣಿಗೆ ಬೀಸಿಕೊಂಡೇ ಕೂತಿದ್ದೆವು.

ನಿನ್ನ ಮಗಳು ಡೆನೀಸ್ ನನಗೆ ಕಾಗದ ಬರೆದದ್ದು ಮಾರ್ಚಿನಲ್ಲಿ. "ಅತ್ತೆ, ನಮ್ಮ ವಂಶದವರ ಹೆಸರೆಲ್ಲ ಹುಡುಕಿ ಕಳಿಸಿ, ಅಪ್ಪನ್ನ ಕೇಳಿದ್ರೆ ಎದ್ದು ಹೊರಗೆ ಹೋಗ್ಬಿಡ್ತಾರೆ" ಎಂದು. ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಕೈಬೆರಳ ಗಂಟುನೋವು ಕಾರಣ ಎಂದು ಹೇಳಬಹುದಿತ್ತು. ಅದು ಸುಳ್ಳು. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲ ಹರಿದು ಹಾಕಿದೆ. ಆಮೇಲೆ ಇದು ಡೆನೀಸ್‌ಗಿಂತ ಮೊದಲು ನೀನು ಓದಬೇಕಾದ ವಿಷಯ ಅನ್ನಿಸಿತು.

ಬೇರೆ ಯಾರಾದರೂ ನಿನ್ನ ಕಿವಿಗೆ ಹಾಕುವ ಮೊದಲು ಇನ್ನೊಂದು ಸುದ್ದಿ: ನನ್ನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಅರ್ಧ ದಿನ ಅಷ್ಟೇ. ಗಾಬರಿಯಾಗಬೇಡ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಶಾಲೆಗೆ ರಜೆ ಬಂದು ನನ್ನ ಬಸ್ಸು ಶೆಡ್ಡಿಗೆ ಹೋದ ಮೇಲೆ, ಜೂನ್‌ನಲ್ಲಿ, ನಾನು ಕೌಂಟಿ ಕಚೇರಿಗೆ ಹೋಗಲು ಶುರು ಮಾಡಿದೆ. ಅಲ್ಲಿ ಹಳೆಯ ದಾಖಲೆ ನೋಡಿಕೊಳ್ಳುವವಳು ಮಿಸ್ ಪ್ರುಯೆಟ್ ಎಂಬ ಬಿಳಿಯ ಹೆಂಗಸು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮೋರ ಹುಟ್ಟು ಸಾವು ಆಗಿನ ಕಾಲದಲ್ಲಿ ಸರಿಯಾಗಿ ಬರೀತಾನೇ ಇರ್ಲಿಲ್ಲಮ್ಮ. ಸುಮ್ನೆ ಧೂಳು ಕುಡೀತೀರಿ" ಎಂದಳು. "ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದೀನಿ, ಧೂಳು ನನಗೆ ಅಭ್ಯಾಸ" ಎಂದೆ. ನಗಲಿಲ್ಲ. ಆದರೆ ಪುಸ್ತಕ ತಂದುಕೊಟ್ಟಳು.

ಮದುವೆ ಪುಸ್ತಕದಲ್ಲಿ ತಾತ ಐಸಮ್ ಲಾಟಿಮೋರ್, ಅಜ್ಜಿ ಜಿಲ್ಫಾ ಇಬ್ಬರ ಹೆಸರೂ ಸಿಕ್ಕವು: ೧೯೦೯, ಕರಿಯರ ಪುಸ್ತಕ, ಎರಡನೆಯ ಸಂಪುಟ. ತಾತನ ಸಹಿ ಎಷ್ಟು ಚೆನ್ನಾಗಿದೆ ಗೊತ್ತಾ? ಅಜ್ಜಿಯದು ಅಡ್ಡಗೆರೆಯ ಗುರುತು. ಇನ್ನು ಮುಂದಕ್ಕೆ ತಾತ ಸಿಗುವುದಿಲ್ಲ ಎಂದುಕೊಂಡಿದ್ದೆ. ೧೯೨೧ರಲ್ಲಿ ಹೆಂಡತಿ ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟು ಉತ್ತರಕ್ಕೆ ಓಡಿಹೋದವನು, ಈ ಕೌಂಟಿಯ ಪುಸ್ತಕದಲ್ಲಿ ಯಾಕೆ ಸಿಗುತ್ತಾನೆ? ನಾವು ಅನ್ನದ ಜೊತೆಗೆ ತಿಂದು ಬೆಳೆದ ಕಥೆ ಅದೇ ಅಲ್ಲವೇ? ಅಪ್ಪ ನಿನ್ನ ಮೇಲೆ ಕೈಯೆತ್ತಿದಾಗಲೆಲ್ಲ "ನಿನ್ನದು ಐಸಮ್‌ನ ರಕ್ತ, ಓಡಿಹೋಗೋ ರಕ್ತ" ಎನ್ನುತ್ತಿದ್ದ.

ಜುಲೈನಲ್ಲಿ ಶಾಲಾ ಮಕ್ಕಳ ಎಣಿಕೆ ಪುಸ್ತಕ ನೋಡುತ್ತಿದ್ದೆ. ೧೯೨೨. ರೂಫಸ್ ಲಾಟಿಮೋರ್, ಹತ್ತು ವರ್ಷ. ನಮ್ಮಪ್ಪ. ಕ್ಲಿಯೋತ, ಏಳು. ತಾಯಿ ಜಿಲ್ಫಾ. ಪಕ್ಕದಲ್ಲಿ ಒಂದು ಪದ. ನನ್ನ ಕಣ್ಣು ದಾಟಿಹೋಗಿತ್ತು. ಮಿಸ್ ಪ್ರುಯೆಟ್ ನನ್ನ ಹೆಗಲ ಮೇಲಿಂದ ಬಗ್ಗಿ ಅದರ ಮೇಲೆ ಬೆರಳಿಟ್ಟಳು.

"ನಿಮ್ಮ ತಾತ ಬಿಟ್ಟು ಹೋದ ಅಂದ್ರಲ್ಲ?"

"ಹೌದು."

"ಇಲ್ಲಿ ವಿಧವೆ ಅಂತಿದೆ."

ಅವಳು ಬೀಗದ ಕೈ ತೆಗೆದುಕೊಂಡು, "ಬನ್ನಿ, ಕೆಳಗೆ ಸಾವಿನ ತನಿಖೆ ಪುಸ್ತಕಗಳಿವೆ. ನಾನು ಸೇರಿದ ಮೇಲೆ ಯಾರೂ ಕೇಳಿಲ್ಲ" ಎಂದಳು.

ನೆಲಮಾಳಿಗೆಯಲ್ಲಿ ಒಂದು ಮುರುಕು ಕುರ್ಚಿ ಹಾಕಿಕೊಟ್ಟಳು. ನಾಲ್ಕು ಪುಟ, ಎಜೆಲ್. ಅದರ ಪ್ರತಿ ಈ ಲಕೋಟೆಯಲ್ಲಿದೆ. ಒಬ್ಬನೇ ಇರುವಾಗ ಓದಬೇಡ, ನಿನ್ನ ಹೆಂಡತಿ ಪಕ್ಕದಲ್ಲಿರಲಿ.

ನಡೆದದ್ದು ಇದು. ೧೯೨೧ರ ಅಕ್ಟೋಬರ್ ೮, ಶನಿವಾರ. ತಾತ ಹತ್ತಿಯ ಗಾಡಿ ಹೊಡೆದುಕೊಂಡು ಹೊಳೆಯ ಕಬ್ಬಿಣದ ಸೇತುವೆಯ ಮಧ್ಯಕ್ಕೆ ಬಂದಿದ್ದಾನೆ. ಎದುರಿಂದ ಬಿಳಿಯರ ಒಂದು ಕಾರು. ಗಾಡಿಯನ್ನು ಹಿಂದಕ್ಕೆ ತಗೋ ಅಂದಿದ್ದಾರೆ. "ಹೇಸರಗತ್ತೆ ಹಿಂದಕ್ಕೆ ನಡೆಯೋದಿಲ್ಲ ಧಣಿ, ನಿಮ್ಮ ಯಂತ್ರ ನಡೆಯುತ್ತಲ್ಲ" ಎಂದಿದ್ದಾನೆ ತಾತ. ಅಷ್ಟೇ ಅವನು ಮಾಡಿದ ಅಪರಾಧ. ಗಾಡಿಯಿಂದ ಎಳೆದು ಕೆಡವಿದರು. ಸರಪಳಿಯಿಂದ ಕಾರಿನ ಹಿಂದಕ್ಕೆ ಕಟ್ಟಿ ಸೇತುವೆಯುದ್ದಕ್ಕೂ, ಅಲ್ಲಿಂದ ಜಲ್ಲಿರಸ್ತೆಯಲ್ಲಿ ಎರಡು ಮೈಲಿ ಎಳೆದರು. ತನಿಖೆ ಮಾಡಿದವನು ಗುಂಡಿನ ಗಾಯ ಎಣಿಸಿದ್ದಾನೆ: ಹನ್ನೊಂದು. ಎಡಗೈ ಸಿಗಲಿಲ್ಲ ಎಂದು ಬರೆದಿದ್ದಾನೆ. ಅಂದವಾದ ಅಕ್ಷರದಲ್ಲಿ.

ಅಜ್ಜಿಯ ಹೇಳಿಕೆ ಎರಡೇ ಸಾಲು. "ಇವನು ನನ್ನ ಗಂಡ. ಬೂಟಿನಿಂದ ಗುರುತು ಹಿಡಿದೆ, ಅಟ್ಟೆ ಹೊಲಿದವಳು ನಾನೇ."

ಮೂರನೆಯ ಪುಟಕ್ಕೆ ಬಂದಾಗ ನನ್ನ ಬಾಯಿಂದ ಏನು ಸದ್ದು ಹೊರಟಿತೋ, ಮಿಸ್ ಪ್ರುಯೆಟ್ ಮೆಟ್ಟಿಲಿಳಿದು ಓಡಿಬಂದಳು. ಸಾಕ್ಷಿ: ರೂಫಸ್ ಲಾಟಿಮೋರ್, ಒಂಬತ್ತು ವರ್ಷ, ಮೃತನ ಮಗ.

ಅಪ್ಪ ಆ ಗಾಡಿಯಲ್ಲಿದ್ದ, ಎಜೆಲ್. ಹತ್ತಿಯ ಮೂಟೆಗಳ ಸಂದಿಯಲ್ಲಿ ಮಲಗಿದ್ದ. ಎಲ್ಲವನ್ನೂ ನೋಡಿದ. ಮನೆಗೆ ಹೇಗೆ ಬಂದೆ ಎಂದು ಕೇಳಿದ್ದಕ್ಕೆ "ಗಾಡಿ ನಾನೇ ಹೊಡ್ಕೊಂಡು ಬಂದೆ" ಎಂದಿದ್ದಾನೆ. ಯಾರನ್ನಾದರೂ ಗುರುತಿಸಿದೆಯಾ ಎಂದು ಕೇಳಿದ್ದಾರೆ. ಉತ್ತರ ಬರೆದು, ಅದರ ಮೇಲೆ ಗೆರೆ ಎಳೆದಿದ್ದಾರೆ. ಆದರೆ ಶಾಯಿ ಮಾಸಿದೆ, ಅಡಿಯ ಅಕ್ಷರ ಕಾಣುತ್ತದೆ: "ಸರಪಳಿ ಕಟ್ಟಿದ ಧಣಿ ಬಲಗೈಗೆ ಬಟ್ಟೆ ಸುತ್ಕೊಂಡಿದ್ರು, ಗರಗಸದ ಕಾರ್ಖಾನೇಲಿ ಬೆರಳು ಹೋದೋರು." ಅದರ ಕೆಳಗೆ, ಬೇರೆ ಕೈಬರಹದಲ್ಲಿ: "ಯಾರನ್ನೂ ಗುರುತಿಸಲಿಲ್ಲ." ತೀರ್ಪು: ಅಪರಿಚಿತರ ಕೈಯಿಂದ ಸಾವು. ಅಡಿಯಲ್ಲಿ ಆರು ಜನ ಪಂಚರ ಸಹಿ. ನಾಲ್ಕನೆಯದು ವಿಂಟನ್ ಸ್ಟಾಗ್ಸ್.

ಅಂಗಡಿಯ ಸ್ಟಾಗ್ಸ್. ಬಲಗೈಯಲ್ಲಿ ಮೂರೇ ಬೆರಳಿನ ಸ್ಟಾಗ್ಸ್. ತಾತನನ್ನು ಕೊಂದವನ ಎದುರಿಗೇ ಅವನ ಮಗನನ್ನು ನಿಲ್ಲಿಸಿ, ಯಾರು ಕೊಂದದ್ದು ಹೇಳು ಎಂದು ಕೇಳಿದ್ದಾರೆ.

ಈಗ ನಿನ್ನ ಹದಿನಾಲ್ಕನೆಯ ವರ್ಷದ ಆ ದಿನವನ್ನು ನೆನಪು ಮಾಡಿಕೋ. ನೀನು ಮರೆತಿರಲಿಕ್ಕಿಲ್ಲ. ಅಪ್ಪ, ನೀನು, ನಾನು ಮೂವರೂ ಸ್ಟಾಗ್ಸ್‌ನ ಅಂಗಡಿಗೆ ಸೀಮೆಎಣ್ಣೆ ತರಲು ಹೋಗಿದ್ದೆವು. ಸ್ಟಾಗ್ಸ್ ನಿನಗೆ, "ಏ ಹುಡುಗಾ, ನನ್ನ ಅಂಗಡೀಲಿ ಟೋಪಿ ತೆಗಿ" ಎಂದ. ನೀನು, "ತಲೆ ನಂದು, ಟೋಪಿನೂ ನಂದೇ ಸಾರ್, ನಿಮ್ಮ ಅಂಗಡೀಲಿ ಕೊಂಡಿದ್ದಲ್ಲ" ಎಂದೆ. ನನಗೆ ನಗು ಬಂದಿತ್ತು. ಸ್ಟಾಗ್ಸ್ ಕೋಪ ಮಾಡಿಕೊಳ್ಳಲೇ ಇಲ್ಲ. ಮೆತ್ತಗೆ, ಬೆಲ್ಲ ಕರಗಿಸಿದ ಹಾಗೆ, "ರೂಫಸ್, ನಿನ್ನ ಮಗ ಥೇಟ್ ಅವರ ತಾತನ ಹಾಗೇ ಮಾತಾಡ್ತಾನಲ್ಲೋ" ಎಂದ.

ಓಡಿಹೋದವನ ಮಾತು ಸ್ಟಾಗ್ಸ್‌ಗೆ ಹೇಗೆ ಗೊತ್ತು ಎಂದು ಮೂವತ್ತಾರು ವರ್ಷ ನಾನು ಕೇಳಿಕೊಳ್ಳಲಿಲ್ಲ.

ಅಪ್ಪನ ಮುಖ ಬೂದಿಯಾಯಿತು. ಗೋಡೆಗೆ ತೂಗುಹಾಕಿದ್ದ ಗಾಡಿಯ ಬಾರನ್ನು ಕಿತ್ತುಕೊಂಡು, ಅದರ ಕಬ್ಬಿಣದ ಕೊಕ್ಕೆಯ ತುದಿಯಿಂದಲೇ ನಿನ್ನನ್ನು ಹೊಡೆದ. ನೀನು ಬಿದ್ದ ಮೇಲೂ ಹೊಡೆದ. ನಿನ್ನ ಹೆಗಲಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅಷ್ಟು ಹೊತ್ತೂ ಅವನು ನೋಡುತ್ತಿದ್ದದ್ದು ನಿನ್ನನ್ನಲ್ಲ, ಸ್ಟಾಗ್ಸ್‌ನನ್ನು. ಸ್ಟಾಗ್ಸ್ "ಸಾಕು ಬಿಡೋ ರೂಫಸ್, ಬುದ್ಧಿ ಬಂತು" ಎಂದಾಗಲೇ ಕೈ ನಿಂತಿತು. ಅವತ್ತು ಸಂಜೆ ನಮ್ಮ ಮನೆಯ ಮುಂದೆ ಬಿಳಿಯರ ಯಾವ ಕಾರೂ ಬರಲಿಲ್ಲ.

ಇದರಿಂದ ಅಪ್ಪ ಮಾಡಿದ್ದು ಸರಿಯಾಯಿತು ಎಂದು ನಾನು ಹೇಳುತ್ತಿಲ್ಲ. ಅಂಗಡಿಯ ಆ ಒಂದು ದಿನದ ಪೆಟ್ಟುಗಳಿಗೆ ಕಾರಣ ಸಿಕ್ಕಿತು. ಮನೆಯೊಳಗೆ ಹೊಡೆದ ಉಳಿದ ಪೆಟ್ಟುಗಳಿಗೆ ಯಾವ ಪುಸ್ತಕದಲ್ಲಿ ಕಾರಣ ಹುಡುಕಲಿ?

ಕ್ಲಿಯೋತ ಅತ್ತೆಯ ಮನೆಗೆ ಹೋದೆ. ಎಂಬತ್ತನಾಲ್ಕು ವರ್ಷ, ಕಿವಿ ಇನ್ನೂ ಚುರುಕು. ಬಟಾಣಿ ಬಿಡಿಸುತ್ತಿದ್ದಳು. ಕಾಗದ ತೋರಿಸಿದ ಕೂಡಲೇ ಪಾತ್ರೆ ನೆಲಕ್ಕೆ ಕುಕ್ಕಿದಳು.

"ಯಾವಳೇ ನಿನಗೆ ಆ ಪುಸ್ತಕ ತೆರೀ ಅಂದಿದ್ದು?"

"ಅತ್ತೆ, ನಿಮಗೂ ಗೊತ್ತಿತ್ತಾ?"

"ಗೊತ್ತಿಲ್ದೆ? ತನಿಖೆ ಮುಗಿಸ್ಕೊಂಡು ಬಂದ ದಿನ ಅಮ್ಮ ರೂಫಸ್‌ನ ಅಂಗೈನ ಕಾದ ಒಲೆ ಮೇಲೆ ಒತ್ತಿ ಹಿಡಿದ್ಲು. 'ನಿಮ್ಮಪ್ಪ ಎಲ್ಲಿ ಹೋದ?' ಅಂತಾಳೆ. ಅವನು 'ಸತ್ತ' ಅಂದ. ಇನ್ನೂ ಒತ್ತಿದ್ಲು. 'ಎಲ್ಲಿ ಹೋದ?' ಅಂತಾಳೆ. 'ಓಡಿಹೋದ' ಅಂದ್ಮೇಲೆ ಬಿಟ್ಟಿದ್ದು. ಮೂಲೇಲಿ ನಿಂತು ನೋಡಿದೀನಿ ಕಣೆ ನಾನು."

"ಹೆತ್ತ ತಾಯಿ ಹಾಗೆ ಮಾಡ್ತಾಳಾ?"

"ಹೆತ್ತಿದ್ದಕ್ಕೇ ಮಾಡಿದ್ಲು. ಕೊಲೆಯಾದೋನ ಮಗ ಮೀಸೆ ಬಂದ ತಕ್ಷಣ ಕೋವಿ ಹುಡುಕ್ತಾನೆ. ಓಡಿಹೋದೋನ ಮಗ ಅಪ್ಪನ್ನ ಬೈಕೊಂಡು ಬದುಕ್ತಾನೆ. ನಿಮ್ಮಪ್ಪ ಬದುಕಿದ, ನೀವು ಹುಟ್ಟಿದ್ರಿ. ಇನ್ನೇನು ಬೇಕಿತ್ತು?"

ಅತ್ತೆ ಬಟಾಣಿ ಒಂದೊಂದಾಗಿ ನೆಲದಿಂದ ಆರಿಸತೊಡಗಿದಳು. ನಾನೂ ಕೂತು ಆರಿಸಿದೆ.

ಸ್ಟಾಗ್ಸ್ ಸತ್ತು ಇಪ್ಪತ್ತೈದು ವರ್ಷವಾಯಿತು, ಹಾಸಿಗೆಯಲ್ಲೇ, ಮೊಮ್ಮಕ್ಕಳ ನಡುವೆ. ಒಂಬತ್ತು ದಿನದ ಹಿಂದೆ, ತಾತ ಸತ್ತ ಅದೇ ಅಕ್ಟೋಬರ್ ಎಂಟಕ್ಕೆ, ಮಕ್ಕಳನ್ನೆಲ್ಲ ಶಾಲೆಯಲ್ಲಿಳಿಸಿ, ಬಸ್ಸು ನಿಲ್ಲಿಸಿ, ನನ್ನ ಕಾರಿನಲ್ಲಿ ಬಿಳಿಯರ ಸ್ಮಶಾನಕ್ಕೆ ಹೋದೆ. ನಮ್ಮ ತಾತನಿಗೆ ಒಂದು ಕಲ್ಲೂ ಇಲ್ಲ, ಇವನದು ಎದೆಯೆತ್ತರದ ಅಮೃತಶಿಲೆ. "ಪ್ರೀತಿಯ ತಂದೆ, ನ್ಯಾಯವಂತ" ಎಂದು ಕೆತ್ತಿಸಿದ್ದಾರೆ. ನೋಡಿ ವಾಪಸ್ ಬರುವುದು ಎಂದೇ ಇತ್ತು. ಆ ಪದ ಓದಿದ ಮೇಲೆ ಕಾರಿನ ಡಿಕ್ಕಿಯಿಂದ ಟೈರು ಬಿಚ್ಚುವ ಕಬ್ಬಿಣದ ಸರಳು ತಂದೆ.

ಮೊದಲ ಏಟಿಗೆ ಕೈ ಜೋಮು ಹಿಡಿಯಿತು. ಮೂರನೆಯದಕ್ಕೆ ಕಲ್ಲು ಸಿಡಿದು ಹಣೆ ಕೊಯ್ಯಿತು. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಹೊಡೆದೆ. ಏನೇನೋ ಕಿರುಚುತ್ತಿದ್ದೆನಂತೆ. ಹುಲ್ಲು ಕತ್ತರಿಸುವವನು ಹೆದರಿ ಪೊಲೀಸರಿಗೆ ಫೋನ್ ಮಾಡಿದ.

ಬಂದವನು ನಮ್ಮವನೇ, ಟರೆಲ್ ಎಂಬ ಹುಡುಗ. ಹನ್ನೆರಡು ವರ್ಷ ನನ್ನ ಬಸ್ಸಿನಲ್ಲೇ ಶಾಲೆಗೆ ಹೋದವನು. "ಮಿಸ್ ವರ್ನೆಲ್, ಆ ಸರಳು ಕೆಳಗಿಡಿ. ದಯವಿಟ್ಟು" ಎಂದ.

"ಹನ್ನೊಂದು ಹೊಡೀಬೇಕು ಕಣಪ್ಪ. ಒಂಬತ್ತಾಗಿದೆ."

ಅವನು ನನ್ನನ್ನು ನೋಡಿದ, ಕಲ್ಲಿನ ಮೇಲಿನ ಹೆಸರನ್ನು ನೋಡಿದ. ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ ಆಚೆಗೆ ತಿರುಗಿ ನಿಂತ. ಎರಡೂ ಹೊಡೆದ ಮೇಲೆ ಬಂದು ಕೈಕೋಳ ಹಾಕಿದ. "ಬಿಗಿಯಾಯ್ತಾ?" ಎಂದು ಕೇಳಿದ.

ನವೆಂಬರ್ ಒಂಬತ್ತಕ್ಕೆ ನ್ಯಾಯಾಧೀಶರ ಮುಂದೆ ನಿಲ್ಲಬೇಕು, ಆ ಪುಸ್ತಕಗಳಿರುವ ಅದೇ ಕಟ್ಟಡದಲ್ಲಿ. ಬಸ್ಸಿನ ಕೆಲಸ ಹೋಗಬಹುದು. ಸ್ಟಾಗ್ಸ್‌ನ ಮೊಮ್ಮಗ ಪತ್ರಿಕೆಯಲ್ಲಿ ನನ್ನನ್ನು ಹುಚ್ಚಿ ಎಂದಿದ್ದಾನೆ. ತಪ್ಪೊಪ್ಪಿಕೊಂಡರೆ ಸುಲಭವಾಗಿ ಬಿಡುತ್ತಾರೆ ಎನ್ನುತ್ತಾನೆ ವಕೀಲ. ಯಾಕೆ ಹೊಡೆದೆ ಎಂದು ನ್ಯಾಯಾಧೀಶರು ಕೇಳುತ್ತಾರಲ್ಲ, ಆಗ ಆ ನಾಲ್ಕು ಪುಟವನ್ನು ಎದ್ದು ನಿಂತು ಓದುತ್ತೇನೆ. ಗೆರೆ ಎಳೆದ ಸಾಲನ್ನೂ ಸೇರಿಸಿ. ಮೂಲ ಪುಸ್ತಕವನ್ನು ತಾನೇ ಹೊತ್ತು ತರುತ್ತೇನೆ ಎಂದಿದ್ದಾಳೆ ಮಿಸ್ ಪ್ರುಯೆಟ್. ಅವಳ ಕೆಲಸಕ್ಕೂ ಕುತ್ತು ಬರಬಹುದು. "ಬರ್ಲಿ ಬಿಡಿ" ಎಂದಳು.

ನೀನು ಬಾ ಎಂದು ನಾನು ಕೇಳುವುದಿಲ್ಲ. ಈ ಮಣ್ಣು ತುಳಿಯುವುದಿಲ್ಲ ಎಂದು ಹದಿನೇಳನೇ ವಯಸ್ಸಿನಲ್ಲಿ ನೀನು ಆಣೆ ಮಾಡಿ ಹೋದದ್ದು ನನಗೆ ಗೊತ್ತು. ಡೆನೀಸ್‌ಗೆ ಇಷ್ಟು ಹೇಳು: ಅವಳ ಮುತ್ತಾತ ಐಸಮ್ ಲಾಟಿಮೋರ್ ಯಾರನ್ನೂ ಬಿಟ್ಟು ಓಡಿಹೋದವನಲ್ಲ.

ದೇವರು ನಿನ್ನ ಬೆನ್ನಿಗೂ ಮನಸ್ಸಿಗೂ ಬಲ ಕೊಡಲಿ. ನಿನ್ನ ಹೆಂಡತಿಗೆ ನನ್ನ ಪ್ರೀತಿ, ಮಕ್ಕಳ ಹಣೆಗೆ ನನ್ನದೊಂದು ಮುತ್ತು. ನಮ್ಮ ಹಿರಿಯರ ಕಣ್ಣು ನಿಮ್ಮ ಮನೆಯ ಮೇಲಿರಲಿ.

ನಿನ್ನ ಅಕ್ಕ,
ವರ್ನೆಲ್

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯಲಾಗದೆಯೇ ನಾಲ್ಕು ಸಲ ಹರಿದದ್ದು.

ಅಪ್ಪ ಸಾಯುವಾಗ ನಿನ್ನನ್ನು ನೆನೆಯಲೇ ಇಲ್ಲ ಎಂದು ನಿನಗೆ ಬರೆದಿದ್ದೆ. ಸುಳ್ಳು. ಹಾಸಿಗೆ ಹಿಡಿದ ಮೊದಲ ದಿನವೇ "ಎಜೆಲ್‌ಗೆ ಬರಿ. ಅವನ ಹತ್ರ ಒಂದು ವಿಷಯ ಹೇಳ್ಬೇಕು, ಅವನಿಗೆ ಮಾತ್ರ" ಎಂದ. ಬರೆದೆ ಎಂದೆ. ಬರೆದಿರಲಿಲ್ಲ. ನೀನು ಮನೆ ಬಿಟ್ಟ ಮೇಲೆ ನಿನ್ನ ಪಾಲಿನ ಪೆಟ್ಟುಗಳೆಲ್ಲ ನನಗೆ ಬಿದ್ದವು ತಮ್ಮ. ನನ್ನ ಎಡಗಿವಿ ಕೇಳದೇ ಇರುವುದು ಜ್ವರದಿಂದಲ್ಲ. ಹದಿನೆಂಟು ವರ್ಷ ಜೊತೆಗಿದ್ದು ಹೊಲಸು ಬಳಿದವಳು ನಾನು, ಅವನಿಗೆ ಬೇಕಾದದ್ದು ನೀನು. ಹದಿನೈದು ದಿನ ಪ್ರತಿ ಬೆಳಿಗ್ಗೆ "ಉತ್ತರ ಬಂತಾ?" ಎಂದು ಕೇಳಿದ. ಹದಿನಾರನೆಯ ದಿನ, "ಬಂತು. ಬರಲ್ವಂತೆ. ನಿನ್ನ ಮುಖ ನೋಡಲ್ವಂತೆ" ಎಂದೆ.

"ಸರಿ ಹಾಗಾದ್ರೆ" ಎಂದ ಅಪ್ಪ. ಆಮೇಲೆ ನಾಲ್ಕು ದಿನ ಬದುಕಿದ್ದ. ಮಾತಾಡಲಿಲ್ಲ.