ಅಪ್ಪನ ಅಂಕಣದ ಕೊನೆಯ ನಾಲ್ಕು ಸಾಲು

ಗುರುವಾರ, ೧೨ನೇ ತಾರೀಖು
ಮಧ್ಯಾಹ್ನ ಮೂರೂವರೆ

ನನ್ನ ಚಿನಕುರುಳಿಗೆ ಅಮ್ಮನ ಮುತ್ತು.

ನಿಮ್ಮಪ್ಪನಿಗೆ ನೀನು ಬರೆದ ಕಾಗದ ನಿನ್ನೆ ಬಂತು. ಲಕೋಟೆಯ ಮೇಲೆ ‘ಅಪ್ಪನಿಗೆ ಮಾತ್ರ’ ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದೆ. ಒಡೆದು ಓದಿದೆ. ಬೈಯುವುದಾದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ನನಗಿರುವುದು ಮುಕ್ಕಾಲು ಗಂಟೆ. ವ್ಯಾಯಾಮ ಮಾಡಿಸುವಾತ ಬಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ. ಅವನು ಹೋದ ಮೇಲೆ ಈ ಮನೆಯಲ್ಲಿ ನಾನು ಪೆನ್ನಿನ ಮುಚ್ಚಳ ತೆಗೆದರೂ “ಏನು ಬರೀತಿದ್ದೀಯ?” ಎಂಬ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ನಾನು ನಿನ್ನ ಹತ್ತಿರ ಬರೀ “ಹೂಂ, ಊಟ ಆಯ್ತು” ಎನ್ನುವುದೂ ಅದಕ್ಕೇ.

ಯಾರಿಗೆ ವ್ಯಾಯಾಮ ಅಂತೀಯಾ? ನಿಮ್ಮಪ್ಪನಿಗೇ. ಹೋದ ವರ್ಷ ‘ಬಿಪಿ ಸ್ವಲ್ಪ ಏರಿತ್ತು, ಈಗ ಗುಂಡುಕಲ್ಲಿನ ಹಾಗಿದ್ದಾರೆ’ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಲಕ್ವ ಹೊಡೆದಿತ್ತು. ಮಾತು ಉಳಿಯಿತು, ನಡಿಗೆ ತಕ್ಕಮಟ್ಟಿಗೆ ಮರಳಿತು, ಬಲಗೈ ಮರಳಲಿಲ್ಲ. ಓದು ಪೂರ್ತಿ ಹೋಯಿತು. ಅಕ್ಷರ ಕಾಣುತ್ತವಂತೆ, ಆದರೆ ಒಂದಕ್ಕೊಂದು ಕೂಡುವುದಿಲ್ಲವಂತೆ. ಆಸ್ಪತ್ರೆಯ ಮಂಚದ ಮೇಲೇ ನನ್ನಿಂದ ಆಣೆ ಹಾಕಿಸಿಕೊಂಡರು. ಯಾರಿಗೂ ಗೊತ್ತಾಗಬಾರದು, ಮಗಳಿಗಂತೂ ಗೊತ್ತಾಗಲೇಬಾರದು. ಇಪ್ಪತ್ತೆರಡು ವರ್ಷದಿಂದ ಪ್ರತಿ ವಾರ ಪತ್ರಿಕೆಯಲ್ಲಿ ‘ಈ ವಾರ ನಾನು’ ಎಂದು ಓದಿದ್ದು, ನೋಡಿದ್ದು, ಕೇಳಿದ್ದು ಬರೆದ ಮನುಷ್ಯನಿಗೆ ಓದಲು ಬರುವುದಿಲ್ಲ ಎಂದರೆ ಜನ ಏನನ್ನುತ್ತಾರೆ ಎಂದು ಅವರಿಗೆ ಭಯ.

ಹಾಗಾಗಿ ಹದಿನಾಲ್ಕು ತಿಂಗಳಿಂದ ಆ ‘ನಾನು’ ನಾನೇ. ಮೊದಮೊದಲು ನಾನು ಓದಿ ಹೇಳುತ್ತಿದ್ದೆ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಕ್ರಮೇಣ ಅವರು ಹೇಳುವುದು ಕಡಿಮೆಯಾಯಿತು. ಈಗ ಬರೀ “ನಾನು ಏನ್ ಹೇಳ್ತೀನಿ ಅಂತ ನಿನಗೆ ಗೊತ್ತಲ್ಲ, ಬರ್ದುಬಿಡು” ಎನ್ನುತ್ತಾರೆ. ದರಿದ್ರದ್ದು, ನನಗೆ ಗೊತ್ತು ಕಣೇ! ಇವರಿಗೆ ಯಾವುದು ಹಿಡಿಸುತ್ತದೆ, ಯಾವುದಕ್ಕೆ ಮೂಗು ಮುರಿಯುತ್ತಾರೆ, ಎಲ್ಲಿ ‘ಆದರೆ’ ಹಾಕುತ್ತಾರೆ ಎಲ್ಲವೂ ಗೊತ್ತು. ಇವರ ತಲೆಯೊಳಗೆ ನನ್ನನ್ನು ಕೂರಿಸಿ ಹೊರಗಿನಿಂದ ಚಿಲಕ ಹಾಕಿದ ಹಾಗಾಗಿದೆ.

ಈ ವಾರದ ನನ್ನ ಪಾಡು ಕೇಳು. ಸೋಮವಾರ, ಮಂಗಳವಾರ ಹಡಗಿನ ಯುದ್ಧದ ನಾನೂರು ಪುಟದ ಕಾದಂಬರಿ ಗಟ್ಟಿಯಾಗಿ ಓದಿದೆ. ಅವರು ಗೊರಕೆ ಹೊಡೆಯುತ್ತಾರೆ. ಸದ್ಯ ಎಂದು ನಿಲ್ಲಿಸಿದರೆ ತಕ್ಷಣ ಎಚ್ಚರವಾಗಿ “ಯಾಕೆ ನಿಲ್ಲಿಸ್ದೆ?” ಎನ್ನುತ್ತಾರೆ. ಪತ್ರಿಕೆಯವರು ಕಳಿಸಿದ ಅದೇ ಕಟ್ಟಿನಲ್ಲಿ ಒಬ್ಬ ನರ್ಸ್ ಬರೆದ ಪದ್ಯಗಳ ಪುಟ್ಟ ಪುಸ್ತಕವೂ ಬಂದಿತ್ತು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೇ ಓದಿದೆ. ರೋಗಿಯ ಕೈ ಹಿಡಿದು ನಾಡಿ ಎಣಿಸುತ್ತಾ ತನ್ನ ಮಗುವಿನ ಜ್ವರ ನೆನೆಯುವ ಪದ್ಯ ಓದಿ ಬಿಕ್ಕಿ ಬಿಕ್ಕಿ ಅತ್ತೆ. ಹೊರಗೆ ಬಂದು ಅದೇ ಪುಸ್ತಕದ ಬಗ್ಗೆ ‘ಭಾವವಿದೆ, ಶಿಸ್ತಿಲ್ಲ’ ಎಂದು ಬರೆದೆ. ಇವರು ಅದನ್ನೇ ಹೇಳುತ್ತಿದ್ದರು. ಬುಧವಾರ ಲಾರಿ ಓಡಿಸುವ ಹೆಂಗಸಿನ ಸಿನಿಮಾ ಹಾಕಿದೆ. ಅರ್ಧದಲ್ಲಿ ನಿದ್ದೆ ಹೋದವರು ಕೊನೆಗೆ ಕಣ್ಣುಬಿಟ್ಟು “ಗಂಡ ಸತ್ನಾ?” ಎಂದರು. ಇಲ್ಲ ಎಂದೆ. “ಹಾಗಾದ್ರೆ ಸುಮ್ನೆ ಎಳೆದಿದ್ದಾರೆ ಅಂತ ಬರಿ” ಎಂದರು. ಬರೆದೆ. ಅವಳು ಗೇರ್ ಬದಲಿಸುವಾಗ ನನ್ನ ಕಾಲೂ ನೆಲ ಒತ್ತುತ್ತಿತ್ತು ಎಂದು ಎಲ್ಲಿ ಬರೆಯಲಿ?

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಹೊಸ ಕಾರ್ಯಕ್ರಮ ಎರಡು ವಾರದ ಹಿಂದೆ ರೇಡಿಯೋದಲ್ಲಿ ಬಂತಲ್ಲ, ಹೊಲಿಗೆ ಕಾರ್ಖಾನೆಯ ಹೆಂಗಸರ ಮಾತು. ಅವರಿಗೆ ಹೇಳದೆ ಹಾಕಿದೆ. ನಿನ್ನ ದನಿ ಗುರುತಿಸಲು ಅವರಿಗೆ ಎರಡು ನಿಮಿಷ ಸಾಕಾಯಿತು. “ಆರಿಸು” ಎಂದರು. ಆರಿಸಿದೆ. ಆಮೇಲೆ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು ಈರುಳ್ಳಿ ಹೆಚ್ಚುತ್ತಾ ಪೂರ್ತಿ ಕೇಳಿದೆ. ಅವತ್ತು ಅತ್ತದ್ದಕ್ಕೆ ನೆಪ ಹೇಳಬೇಕಾಗಲಿಲ್ಲ. ಗುಂಡಿ ಹೊಲಿಯುವವಳು ಮಾತು ನಿಲ್ಲಿಸಿದಾಗ ನೀನು ಮುಂದಿನ ಪ್ರಶ್ನೆ ಕೇಳಲಿಲ್ಲ. ಅಷ್ಟು ಹೊತ್ತು ಬರೀ ಯಂತ್ರದ ಸದ್ದು. ಸುಮ್ಮನಿರುವುದನ್ನು ಯಾರಿಂದ ಕಲಿತೆಯೇ, ಒಂದು ಕ್ಷಣ ಬಾಯಿ ಮುಚ್ಚದ ಹುಡುಗಿ ನೀನು!

ಹೋದ ವಾರದ ಅಂಕಣದ ಕೊನೆಯಲ್ಲಿ ಅದರ ಬಗ್ಗೆ ನಾಲ್ಕು ಸಾಲು ಬರೆದೆ. ಕಳಿಸುವ ಮುಂಚೆ ಎಂದಿನಂತೆ ಅವರಿಗೆ ಓದಿ ಹೇಳಿದೆ, ಆ ನಾಲ್ಕು ಸಾಲು ಬಿಟ್ಟು. ಸಂಪಾದಕರು ಫೋನ್ ಮಾಡಿ, ಸರ್ ಈ ಸಲ ಬಹಳ ಆಪ್ತವಾಗಿದೆ, ಅದರಲ್ಲೂ ಕೊನೆಯ ನಾಲ್ಕು ಸಾಲು, ಎಂದರಂತೆ. “ವಯಸ್ಸಾಯ್ತಲ್ಲಪ್ಪ, ಮನಸ್ಸು ಮೆತ್ತಗಾಗತ್ತೆ” ಎಂದು ಇವರು ಬೀಗಿದರು. ಫೋನ್ ಇಟ್ಟು “ಯಾವ ನಾಲ್ಕು ಸಾಲು?” ಎಂದರು. ಹಳೇ ಹಾಡಿನ ಬಗ್ಗೆ ಬರೆದದ್ದಿರಬೇಕು ಎಂದೆ.

ಅವು ನನ್ನ ಸಾಲುಗಳು. ಅವನ್ನೇ ನಂಬಿ ನೀನು ಅಪ್ಪನಿಗೆ ಬರೆದಿದ್ದೀಯ. ‘ಸರಿಯಾಗಿ ಮುಚ್ಚದ ನಲ್ಲಿ ಎಂದು ನನ್ನ ಮೊದಲ ಕಾರ್ಯಕ್ರಮವನ್ನು ನೀವು ಒಂದು ಸಾಲಿನಲ್ಲಿ ಕೊಂದಿರಿ, ಮೂರು ವರ್ಷ ಮನೆಗೆ ಬರಲಿಲ್ಲ. ಈಗ ನಾಲ್ಕು ಸಾಲು ಬರೆದಿದ್ದೀರಿ. ಇಪ್ಪತ್ತೆರಡನೇ ತಾರೀಖು ಭಾನುವಾರ ಬರುತ್ತೇನೆ.’ ಸುಮ್ಮನಿದ್ದರೆ ನೀನು ಬರುತ್ತೀಯ. ಬಾಗಿಲಲ್ಲೇ ಅಪ್ಪನಿಗೆ ಥ್ಯಾಂಕ್ಸ್ ಹೇಳುತ್ತೀಯ, ಅವರು ಪಿಳಿಪಿಳಿ ನೋಡುತ್ತಾರೆ. ನಿಜ ಹೇಳಿದರೆ ನೀನು ಬರದೇ ಹೋಗಬಹುದು. ನಿನ್ನೆ ಸಂಜೆಯಿಂದ ಇದೇ ಕುದಿತ. ನಿನ್ನ ಕಾಗದ ಅವರಿಗೆ ಓದಿ ಹೇಳಿಲ್ಲ. ರವೆ ಡಬ್ಬಿಯ ಕೆಳಗಿದೆ.

ಅಪ್ಪ ನಿನ್ನನ್ನು ಹೊಗಳಿಲ್ಲ ಮಗಳೇ. ಅವರಿಗಾಗಿ ಬರಬೇಡ. ನನ್ನನ್ನು ನೋಡಲು ಬಾ. ಹದಿನಾಲ್ಕು ತಿಂಗಳಿಂದ ನನಗೆ ಏನು ಇಷ್ಟವಾಯಿತು ಎಂದು ಯಾರೂ ಕೇಳಿಲ್ಲ. ನೀನು ಬಂದು ಕೇಳು. ಆ ಪದ್ಯದ ಪುಸ್ತಕ ನಿನಗೆಂದು ಎತ್ತಿಟ್ಟಿದ್ದೇನೆ.

ಬಾಗಿಲ ಚಿಲಕ ಅಲುಗಾಡುತ್ತಿದೆ. ನಿಲ್ಲಿಸುತ್ತೇನೆ.

ನಿನ್ನ
ಅಮ್ಮ

ತಾಜಾ ಕಲಂ: ಶುಕ್ರವಾರ, ಮತ್ತೆ ಮೂರೂವರೆ. ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಅರ್ಧ ನಿಜ ಹೇಳಿ ನಿನ್ನನ್ನು ಕರೆಸಿಕೊಳ್ಳಲು ಮನಸ್ಸು ಬರಲಿಲ್ಲ. ಆ ನಲ್ಲಿಯ ಮಾತೂ ನನ್ನದೇ. ಮೂರು ವರ್ಷದ ಹಿಂದೆ ಅವರ ಕೈ ಸರಿಯಿತ್ತು, ತಾವೇ ಬರೆಯುತ್ತಿದ್ದರು. ಹೋಲಿಕೆ ಹೊಳೆಯದೆ ಒದ್ದಾಡುತ್ತಾ “ನಿಲ್ಲಿಸದೆ ಮಾತಾಡೋದಕ್ಕೆ ಏನಂತ ಹೇಳ್ಬಹುದು ಕಣೇ?” ಎಂದು ಕೂಗಿ ಕೇಳಿದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಸರಿಯಾಗಿ ಮುಚ್ಚದ ನಲ್ಲಿ ಅನ್ನಿ, ಎಂದೆ. ಯಾರ ಬಗ್ಗೆ ಬರೆಯುತ್ತಿದ್ದಾರೆಂದು ಗೊತ್ತಿರಲಿಲ್ಲ ಎಂದು ಬರೆಯೋಣ ಅಂತಲೇ ಈ ಕಾಗದ ಬಿಚ್ಚಿದೆ. ಗೊತ್ತಿತ್ತು. ಹಿಂದಿನ ದಿನ ರೇಡಿಯೋದಲ್ಲಿ ನಿನ್ನ ಹೆಸರು ಎರಡು ಸಲ ಹೇಳಿದ್ದರು. ನನ್ನ ಹೊಟ್ಟೆ ಉರಿದಿತ್ತು.

ಇಪ್ಪತ್ತೆರಡರ ಭಾನುವಾರ ಬೆಳಿಗ್ಗೆಯಿಂದ ಬಾಗಿಲು ತೆರೆದೇ ಇಟ್ಟಿರುತ್ತೇನೆ. ಬಂದರೆ ಒಳಗೆ ಬಂದು ಮೊದಲು ನನ್ನನ್ನೇ ಬೈ.